ಒಂದೇ ಲಕೋಟೆಯ ಮೂರು ಕೊಟೇಶನ್

ಪರದೆ ಬಟ್ಟೆ ಮೀಟರಿಗೆ ಎಷ್ಟು, ಬಾಗಿಲಿನ ಬೀಗ ಒಂದಕ್ಕೆ ಎಷ್ಟು, ಬೋರ್ಡ್ ಒರೆಸುವ ಡಸ್ಟರ್ ಡಜನಿಗೆ ಎಷ್ಟು ಎಂಬ ವಿಷಯದಲ್ಲಿ ಇಡೀ ದೋಹಾದಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆ ನಂಬುವುದಕ್ಕೆ ನನಗೆ ಸಂಬಳವೂ ಬರುತ್ತಿತ್ತು. ಇಲ್ಲಿನ ಸರ್ಕಾರಿ ಸಮುದಾಯ ಕಾಲೇಜೊಂದರ ಖರೀದಿ ವಿಭಾಗದಲ್ಲಿ ನಾನು ಗುಮಾಸ್ತೆ. ವಿಶ್ವವಿದ್ಯಾಲಯಕ್ಕೆ ನೇರವಾಗಿ ಹೋಗಲಾಗದ ಹುಡುಗ ಹುಡುಗಿಯರು, ಮಕ್ಕಳಾದ ಮೇಲೆ ಓದು ಮುಂದುವರಿಸಲು ಬಂದ ಹೆಂಗಸರು, ಕಚೇರಿ ಮುಗಿಸಿ ಸಂಜೆ ತರಗತಿಗೆ ಬರುವ ಗಂಡಸರು ಇಲ್ಲಿ ಕಲಿಯುತ್ತಾರೆ. ಕಟ್ಟಡಗಳು ಊರಿನ ಬೇರೆ ಬೇರೆ ಕಡೆ ಇವೆ, ಹಣಕಾಸು ಮಾತ್ರ ಒಂದೇ ಕಡೆ. ಅದು ಹೆಣ್ಣುಮಕ್ಕಳ ಕಟ್ಟಡದ ಎರಡನೆಯ ಮಹಡಿಯಲ್ಲಿ, ನನ್ನ ಮೇಜಿನ ಆಚೀಚೆ.

ಸಣ್ಣ ಖರೀದಿಗೆ ನಮ್ಮಲ್ಲಿ ಟೆಂಡರ್ ಕರೆಯುವುದಿಲ್ಲ. ಆದರೆ ಮೂರು ಬೇರೆ ಬೇರೆ ಅಂಗಡಿಗಳಿಂದ ದರ ಬರೆಸಿ, ಅಂಗಡಿಯ ಮೊಹರು ಹಾಕಿಸಿ ತರಬೇಕು. ಗಲ್ಫಿನಲ್ಲಿ ಬದುಕುವ ನಾವೆಲ್ಲ ಅದನ್ನು ಕೊಟೇಶನ್ ಎನ್ನುತ್ತೇವೆ. ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಕಡಿಮೆ ಹೇಳಿದವರಿಗೆ ಆರ್ಡರ್ ಕೊಡುವುದು. ಆ ಹಾಳೆಯ ಅಡಿಯಲ್ಲಿ ‘ಈ ಮೂರೂ ದರಗಳನ್ನು ನಾನು ಸ್ವತಂತ್ರವಾಗಿ ಪಡೆದಿದ್ದೇನೆ’ ಎಂದು ಅರಬ್ಬಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಅಚ್ಚಾಗಿರುತ್ತದೆ. ಅದರ ಕೆಳಗೆ ನನ್ನ ಸಹಿ. ನಾನು ಕೆಲಸಕ್ಕೆ ಸೇರಿದ ಮೇಲೆ ಅಂಥ ಹಾಳೆಗಳಿಗೆ ಎಷ್ಟು ಸಹಿ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಒಂದು ಸಲವೂ ಆ ವಾಕ್ಯವನ್ನು ಪೂರ್ತಿ ಓದಿರಲಿಲ್ಲ ಎಂಬುದಂತೂ ಗೊತ್ತು.

ಓದುವ ಅಗತ್ಯವೇ ಬಿದ್ದಿರಲಿಲ್ಲ. ನನಗೆ ಈ ಕುರ್ಚಿ ಬಿಟ್ಟುಕೊಟ್ಟು ಊರಿಗೆ ಹೊರಟ ಮಲಯಾಳಿ ಗುಮಾಸ್ತೆ ಕೊನೆಯ ದಿನ ಕಪಾಟಿನ ಕೀಲಿಗಳ ಜತೆಗೆ ಒಂದು ಫೋನ್ ನಂಬರನ್ನೂ ಕೊಟ್ಟಿದ್ದಳು. ಕೊಟೇಶನಿಗಾಗಿ ಎಲ್ಲಿಗೂ ಅಲೆಯಬೇಡ, ಇವರಿಗೆ ಒಂದು ಫೋನ್ ಮಾಡು, ಮೂರೂ ಮೇಜಿನ ಮೇಲೆ ಬಂದು ಬೀಳುತ್ತವೆ ಎಂದಿದ್ದಳು. ಆ ನಂಬರು ಕಾಕನದು.

ಎಲ್ಲರೂ ಕಾಕ ಎಂದು ಕರೆಯುವ ಇವರು ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಗಲ್ಲಿಯಲ್ಲಿ, ಕುಚ್ಚಲಕ್ಕಿ ಸಿಗುವ ದಿನಸಿ ಅಂಗಡಿಗೂ ಒಬ್ಬ ದರ್ಜಿಗೂ ನಡುವೆ ಅವರ ಅಂಗಡಿ. ಪರದೆ, ಕಿಟಕಿಗೆ ಹಾಕುವ ಬ್ಲೈಂಡು, ಬೀಗ, ಚಿಲಕ, ನಕಲಿ ಕೀಲಿ, ಎಲ್ಲ ಅಲ್ಲಿ ಉಂಟು. ನನ್ನ ಅಪ್ಪನಿಗಿಂತ ಹಿರಿಯರು, ಆದರೂ ಅಂಗಡಿಯವರ ಮರ್ಯಾದೆ ನೋಡಿ, ನನ್ನನ್ನು ಕರೆಯುವುದು ಅಕ್ಕ ಎಂದೇ. ಮೊದಲ ಸಲ ಬಂದಾಗ ನಾನು ಇಂಗ್ಲಿಷಿನಲ್ಲಿ ಗತ್ತಿನಿಂದ ಮಾತಾಡಿಸಿದ್ದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು, ನಾನು ತುಳುವಿನಲ್ಲಿ ಎರಡು ಮಾತಾಡಿ ಇಟ್ಟೆ. ಕಾಕನ ಮುಖ ಅರಳಿಬಿಟ್ಟಿತು.

“ಅಕ್ಕನದ್ದು ಉಡುಪಿ ಕಡೆಯಾ? ಮೊದ್ಲೇ ಹೇಳ್ಬೇಕಲ್ಲ ಮಾರಾಯ್ರೆ! ಇನ್ನು ನಿಮಗೆ ಎಂತದೂ ಟೆನ್ಶನ್ ಇಲ್ಲ. ತಕೊಳ್ಳಿ, ಮೂರೂ ಉಂಟು. ನಂದು ಒಂದು, ಉಮ್ಮ್ ಸಲಾಲಿನ ನಮ್ಮ ಭಾವಂದು ಒಂದು, ದುಖಾನಿನಲ್ಲಿ ನನ್ನ ಹೆಂಡತಿಯ ತಮ್ಮಂದು ಒಂದು. ನೀವು ಈ ಬಿಸಿಲಲ್ಲಿ ಎಲ್ಲಿ ಅಂತ ತಿರುಗುದು?”

ಒಂದೇ ಕಂದು ಲಕೋಟೆ, ಒಳಗೆ ಮೂರು ಹಾಳೆ. ಪ್ರತಿ ಸಲವೂ ಕಾಕನ ದರವೇ ಕಡಿಮೆ. ಮೂವರೂ ನೆಂಟರೆಂದು ನನಗೆ ಅವತ್ತೇ ಗೊತ್ತಾಯಿತು. ನೆಂಟರಾದರೂ ಅಂಗಡಿ ಬೇರೆ, ಅವರವರ ದರ ಅವರವರು ಬರೆದು ಕಳಿಸುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು. ಶುರುವಿನಲ್ಲಿ ಒಮ್ಮೆ ಬೇರೊಂದು ಅಂಗಡಿಯಲ್ಲಿ ಬೀಗದ ಬೆಲೆ ಕೇಳಿ ನೋಡಿ, ಕಾಕನದ್ದೇ ಅಗ್ಗವೆಂದು ಖಾತ್ರಿ ಮಾಡಿಕೊಂಡಿದ್ದೆ. ಆ ಒಂದು ಬೀಗದ ಬಲದ ಮೇಲೆ ಎಷ್ಟೋ ಪರದೆ, ಬ್ಲೈಂಡು, ಚಿಲಕಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದೆ.

ಕಾಕನ ಕೆಲಸದಲ್ಲಿ ಮಾತ್ರ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಗಂಡಸರ ಕಟ್ಟಡದಲ್ಲಿ ಪ್ರಯೋಗಾಲಯದ ಬಾಗಿಲು ಸಿಕ್ಕಿಹಾಕಿಕೊಂಡಿದೆ ಎಂದರೆ ಊಟ ಬಿಟ್ಟು ಓಡಿಬರುತ್ತಿದ್ದರು. ಪರದೆಯ ಅಂಚು ಒಂದು ಬೆರಳು ಮೇಲೆ ಕೆಳಗೆ ಆದರೂ ಕಳಚಿ ಒಯ್ದು, ಮತ್ತೆ ಹೊಲಿಸಿ ತರುತ್ತಿದ್ದರು. ನಾನು ರೇಗಿದರೆ ತಾವು ರೇಗುತ್ತಿರಲಿಲ್ಲ. ನಾನು ರೇಗುವುದೂ ಕಡಿಮೆಯಲ್ಲ, ನಮ್ಮ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. “ಆಯ್ತು ಅಕ್ಕ, ಖಲಾಸ್, ನಾಳೆ ಮಾಡುವ” ಎನ್ನುವರು, ಮಾಡಿಯೂ ಮಾಡುವರು. ದೂರದ ಊರಿನಲ್ಲಿ ನಮ್ಮ ಮಾತಿನ ಎಳೆ ಕೇಳಿಸಿದರೆ ಸಾಕು, ಮನಸ್ಸು ಸಡಿಲವಾಗುತ್ತದೆ. ನನಗೆ ಕಾಕನ ಮೇಲೆ ಪ್ರೀತಿ ಇತ್ತು, ಈಗಲೂ ಇದೆ.

ಇನ್ನು ನಮ್ಮ ಲೆಕ್ಕ ತನಿಖೆಯವರ ಬಗ್ಗೆ ಹೇಳಬೇಕು. ಕಾಲೇಜಿನ ಒಳಗಿನ ಆಡಿಟರ್ ಅವರು, ಸುಡಾನಿನವರು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಮೇಜಿನ ಖಾನೆಯಲ್ಲಿ ಸದಾ ಹುರಿದ ನೆಲಗಡಲೆಯ ಒಂದು ಡಬ್ಬಿ ಇರುತ್ತದೆ. ಅವರು ಯಾರಿಗಾದರೂ ನೆಲಗಡಲೆ ಕೊಟ್ಟರೆ, ಆ ಮನುಷ್ಯನ ಫೈಲಿನಲ್ಲಿ ಏನೋ ಸಿಕ್ಕಿದೆ ಎಂದು ಕಚೇರಿಯಲ್ಲೆಲ್ಲ ಗೊತ್ತು. ಒಂದು ಗುರುವಾರ ಮಧ್ಯಾಹ್ನ ನನ್ನನ್ನು ಕರೆಸಿ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು.

ನಾವು ಮಾತಾಡುವುದು ಅರಬ್ಬಿ ಬೆರೆತ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅವರು ಕೇಳಿದ್ದು ಇಷ್ಟು.

“ಸಿಸ್ಟರ್, ಮೂರು ಬೀಗಕ್ಕೆ ದರ ಕೇಳಲು ನೀವು ದುಖಾನಿಗೆ ಹೋಗಿದ್ದಿರಾ?”

ನಾನು ನೆಲಗಡಲೆ ಬಾಯಿಗೆ ಹಾಕಿಕೊಂಡೆ, ಉತ್ತರ ಕೊಡುವುದು ತಪ್ಪಲಿ ಎಂದು.

“ಒಳ್ಳೆಯ ರಸ್ತೆ. ಆದರೆ ಪಡುವಣ ಕಡಲಿನ ತನಕ ಹೋಗಬೇಕು, ಮತ್ತೆ ಬರಬೇಕು. ಬೀಗಕ್ಕಿಂತ ಪೆಟ್ರೋಲಿಗೆ ಜಾಸ್ತಿ ಆಗಿರಬೇಕಲ್ಲ?”

ಆಮೇಲೆ ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಮಕ್ಕಳು ಶಾಲೆಗೆ ಒಯ್ಯುವಂಥ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಮೂರು ಮೊಹರುಗಳ ಕೆಳಗೆ ಇಟ್ಟರು. ಮೂರು ಅಂಗಡಿಗಳು, ಮೂರು ಹೆಸರು, ಒಂದು ಗುಂಡು ಮೊಹರು, ಎರಡು ಚೌಕದವು. ಆದರೆ ಮೂರೂ ಎಡಕ್ಕೆ ಒಂದೇ ಸಮ ವಾಲಿದ್ದವು. ಹಳೆಯ ಫೈಲು ತೆಗೆದರು, ಅದರಲ್ಲೂ ಹಾಗೇ. ಅದಕ್ಕೂ ಹಿಂದಿನದು, ಅದೂ ಹಾಗೇ. ಒಂದೇ ಕೈ, ಒಂದೇ ಓರೆ. ಅಷ್ಟು ಸಲ ಕಣ್ಣೆದುರು ಇದ್ದದ್ದು ನನಗೆ ಒಮ್ಮೆಯೂ ಕಂಡಿರಲಿಲ್ಲ.

“ಇವನ್ನು ತಂದವರು ಯಾರು, ನಿಮಗೆ ಹೇಗೆ ಬಂದವು ಎಂದು ಭಾನುವಾರ ಬೆಳಿಗ್ಗೆ ಬರೆದುಕೊಡಿ. ಉದ್ದ ಬೇಡ” ಎಂದರು. ಹೊರಡುವಾಗ ಇನ್ನೊಂದು ಹಿಡಿ ನೆಲಗಡಲೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು.

ನಿಯಮ ನನಗೆ ಬಾಯಿಪಾಠ ಇತ್ತು. ಸುಳ್ಳು ಕೊಟೇಶನ್ ಕೊಟ್ಟ ಅಂಗಡಿಯ ಹೆಸರನ್ನು ಕಾಲೇಜಿನ ಸರಬರಾಜುದಾರರ ಪಟ್ಟಿಯಿಂದ ತೆಗೆಯುತ್ತಾರೆ. ಒಂದು ಕಟ್ಟಡಕ್ಕಲ್ಲ, ಎಲ್ಲ ಕಟ್ಟಡಗಳಿಗೂ. ಕಾಕನ ಅಂಗಡಿಯ ಅರ್ಧ ವ್ಯಾಪಾರ ನಮ್ಮ ಕಾಲೇಜಿನದ್ದೇ. ಅವರು ಅಂಗಡಿಯ ಬಾಡಿಗೆ ಕಟ್ಟುವುದು ನಮ್ಮ ಬಿಲ್ಲು ಪಾಸಾದ ಮೇಲೆ ಎಂದು ನನಗೆ ಗೊತ್ತಿತ್ತು. ನಾನು ಅವರ ಹೆಸರು ಬರೆದರೆ ಅದು ಹೋಯಿತು. ಬರೆಯದೆ, ನಾನೇ ಮೂರು ಕಡೆ ಹೋಗಿ ತಂದೆ ಎಂದರೆ, ಬಹುಶಃ ಇಬ್ಬರೂ ಪಾರಾಗುತ್ತಿದ್ದೆವು. ಓರೆಯನ್ನು ಯಾವ ಕೋರ್ಟು ಸಾಕ್ಷಿ ಎನ್ನುತ್ತದೆ?

ಮನೆಯಲ್ಲಿ ಹೇಳಿದೆ. “ಹಿಂದಿನವಳು ಹೇಳಿಕೊಟ್ಟ ಹಾಗೆ ಮಾಡಿದೆ ಅಂತ ಬರಿ. ಅವಳು ಊರಲ್ಲಿ ಆರಾಮ ಇದ್ದಾಳೆ” ಎಂದರು ನಮ್ಮವರು. ಆರಾಮ ಇದ್ದವಳ ತಲೆಗೆ ಕಟ್ಟುವುದು ಯಾವ ನ್ಯಾಯ ಎಂದು ಹಾರಾಡಿದೆ. ಹಾರಾಡಿದ್ದಕ್ಕೆ ನಿಜವಾದ ಕಾರಣ, ಅದೇ ಉಪಾಯ ನನಗೂ ಆಗಲೇ ಹೊಳೆದದ್ದು.

ಶುಕ್ರವಾರ ಸಂಜೆಯ ನಮಾಜು ಮುಗಿದು ಅಂಗಡಿಗಳು ಮತ್ತೆ ತೆರೆಯುವ ಹೊತ್ತಿಗೆ ಕಾಕನಲ್ಲಿಗೆ ಹೋದೆ. ಸುಲೈಮಾನಿ ತರಿಸಿದರು. ಲಿಂಬೆ ಹಿಂಡಿದ ಆ ಕರಿ ಚಹಾ ಕುಡಿಯದೆ ಅವರ ಅಂಗಡಿಯಿಂದ ಯಾರೂ ಇಳಿದದ್ದಿಲ್ಲ.

“ಕಾಕ, ಈ ಕೊಟೇಶನ್ ಎಲ್ಲ ಬರೆಯುವುದು ಯಾರು?”

“ಎಂತ ಅಕ್ಕ, ಇಷ್ಟು ವರ್ಷ ಆಗಿ ಈಗ ಕೇಳ್ತೀರಿ? ನಾನೇ.”

“ಮೂರೂ?”

“ಮೂರೂ ನಾನೇ. ಅವರಿಗೆ ಎಲ್ಲಿ ಪುರುಸೊತ್ತು?” ಎನ್ನುತ್ತಾ ಮೇಜಿನ ಖಾನೆ ಎಳೆದರು. ಒಳಗೆ ಮೂರು ರಬ್ಬರ್ ಮೊಹರುಗಳು, ಒಂದು ನೀಲಿ ಶಾಯಿಯ ಪ್ಯಾಡು. “ಇಲ್ಲೇ ಇಟ್ಟು ಹೋಗಿದ್ದಾರೆ. ಭಾವನಿಗೆ ಆ ಕಡೆ ಯಾವುದಾದ್ರೂ ಶಾಲೆಗೋ ಕಂಪೆನಿಗೋ ಕೊಡ್ಲಿಕ್ಕಿದ್ರೆ ನಂದು ಅವರೇ ಹಾಕಿಕೊಳ್ತಾರೆ. ನನ್ನ ಮೊಹರು ಹಾಗೇ ಮಾಡಿಸಿದ್ದು ಒಂದು ಉಮ್ಮ್ ಸಲಾಲಿನಲ್ಲಿ ಉಂಟು, ಒಂದು ದುಖಾನಿನಲ್ಲಿ ಉಂಟು.”

ನಾನು ಚಹಾದ ಲೋಟ ಕೆಳಗಿಟ್ಟೆ. “ಮತ್ತೆ ಅವರ ದರ?”

“ನಂದು ಸರಿಯಾದ ದರ ಬರೆಯುದು. ಅವರದ್ದಕ್ಕೆ ಸ್ವಲ್ಪ ಸೇರಿಸುದು. ಭಾವನಿಗೆ ಐದು ರಿಯಾಲ್, ಅವರು ಮನೆಗೆ ದೊಡ್ಡವರಲ್ವಾ. ದುಖಾನಿನವನಿಗೆ ಮೂರು ಸಾಕು.”

ವಯಸ್ಸಿಗೆ ತಕ್ಕ ಮರ್ಯಾದೆಯಿಂದ ಹುಟ್ಟಿದ ಆ ದರಗಳನ್ನು ನಾನು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಶೇಕಡಾವಾರು ವ್ಯತ್ಯಾಸ ತೆಗೆದು, ಕೆಂಪು ಗೆರೆ ಎಳೆದಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಕೂಗಾಡಿದೆ. ಇದು ಸರ್ಕಾರದ ದುಡ್ಡು, ಹೀಗೆಲ್ಲ ಮಾಡುತ್ತಾರಾ, ನನಗೊಂದು ಮಾತು ಹೇಳಬಾರದಾ ಎಂದೆ. ಗಿರಾಕಿಯೊಬ್ಬ ಬಾಗಿಲ ತನಕ ಬಂದು ಹಿಂದೆ ಹೋದ.

ಕಾಕ ಎಲ್ಲ ಕೇಳಿ ಸಣ್ಣ ದನಿಯಲ್ಲಿ ಕೇಳಿದರು. “ನಾನು ಕಾಲೇಜಿಗೆ ಮೋಸ ಮಾಡಿದೆ ಅಂತಾ ಅಕ್ಕ?”

“ಮೋಸ ಅಂತ ಹೇಳ್ತಾ ಇಲ್ಲ ಕಾಕ. ಕಾಗದ ಸುಳ್ಳಲ್ವಾ?”

“ದರ ಸುಳ್ಳಲ್ಲ.”

“ನಿಮ್ಮ ಹೆಸರು ಬರೆದರೆ ಪಟ್ಟಿಯಿಂದ ತೆಗೀತಾರೆ.”

ಅವರು ಖಾನೆಯನ್ನು ಮೆಲ್ಲಗೆ ಮುಚ್ಚಿದರು. “ಎಷ್ಟು ಸಮಯಕ್ಕೆ?”

“ಗೊತ್ತಿಲ್ಲ.”

ಗೋಡೆಯ ಮೇಲಿನ ಪರದೆ ಬಟ್ಟೆಗಳ ಉರುಳೆಗಳನ್ನು ಒಂದೊಂದಾಗಿ ನೋಡಿದರು. ನಂತರ ಒಮ್ಮೆಲೇ ಉತ್ಸಾಹ ಬಂದವರಂತೆ ಎದ್ದರು. “ಮಾಫಿ ಮುಶ್ಕಿಲ್, ಎಂತದೂ ತೊಂದರೆ ಇಲ್ಲ. ನಾನೇ ಬಂದು ಮಾತಾಡ್ತೇನೆ. ಆ ಸುಡಾನಿ ಒಳ್ಳೆ ಮನುಷ್ಯ, ನನಗೆ ಗೊತ್ತುಂಟು.” ದಯವಿಟ್ಟು ಬರಬೇಡಿ ಎಂದು ಕೈಮುಗಿದು ಹೇಳಿ ಬಂದೆ.

ಇಲ್ಲಿ ವಾರದ ಕೆಲಸ ಶುರುವಾಗುವುದು ಭಾನುವಾರ. ಅವತ್ತು ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋಗಿ ಬರೆಯಲು ಕೂತೆ. ಮೂರು ಸಲ ಬರೆದು ಹರಿದೆ. ಒಂದರಲ್ಲಿ ಹಿಂದಿನವಳಿದ್ದಳು, ಇನ್ನೊಂದರಲ್ಲಿ ನಾನು ದುಖಾನಿಗೂ ಹೋಗಿ ಬಂದಿದ್ದೆ. ಕೊನೆಗೆ, ಮೂರೂ ಕೊಟೇಶನ್‌ಗಳನ್ನು ಒಬ್ಬರೇ ಒಂದೇ ಲಕೋಟೆಯಲ್ಲಿ ತಂದುಕೊಟ್ಟರು, ಮೂರನ್ನೂ ಅವರೇ ಬರೆದದ್ದು ಎಂದು ನನಗೆ ಈಗ ಗೊತ್ತಾಗಿದೆ, ವಿಚಾರಿಸದೆ ಸಹಿ ಹಾಕಿದ್ದು ನನ್ನ ತಪ್ಪು ಎಂದು ಬರೆದೆ. ಅಂಗಡಿಯ ಹೆಸರು ಬರೆಯುವಾಗ, ನಮ್ಮ ಮನೆಯ ಹಿರಿಯರೊಬ್ಬರನ್ನು ಹೆಸರು ಹಿಡಿದು ಬೈಯುತ್ತಿರುವ ಹಾಗೆ ಅನಿಸಿತು. ಕಾಗದವನ್ನು ಆಡಿಟರ ಮೇಜಿನ ಮೇಲಿಟ್ಟು ತಿರುಗಿ ನೋಡದೆ ಬಂದೆ.

ಹತ್ತು ಗಂಟೆಗೆ ಗೇಟಿನ ಸೆಕ್ಯುರಿಟಿಯಿಂದ ಫೋನ್. ಮೂರು ಜನ ಗಂಡಸರು ಬಂದಿದ್ದಾರೆ, ಪಾಸಿಲ್ಲದೆ ಹೆಣ್ಣುಮಕ್ಕಳ ಕಟ್ಟಡದ ಒಳಗೆ ಬಿಡುವಂತಿಲ್ಲ, ಹೊರಗಿನ ಕೋಣೆಯಲ್ಲಿ ಕೂರಿಸಿದ್ದೇನೆ ಎಂದ. ಕೆಳಗಿಳಿದು ಆ ಕೋಣೆಯ ಕಿಟಕಿಯಿಂದ ಇಣುಕಿದೆ. ಕಾಕ, ಅವರ ಎಡಕ್ಕೆ ಭಾವ, ಬಲಕ್ಕೆ ಹೆಂಡತಿಯ ತಮ್ಮ. ಮೂವರೂ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಮದುವೆ ಮಾತುಕತೆಗೆ ಬಂದವರ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು.

ಆಡಿಟರೂ ನಮ್ಮ ಹಣಕಾಸಿನ ಮುಖ್ಯಸ್ಥೆಯೂ ಇಳಿದು ಬಂದರು. ಮುಖ್ಯಸ್ಥೆ ಇಲ್ಲಿನವರೇ, ಕತಾರಿನ ಹೆಂಗಸು. ಕರಿ ಅಬಾಯದೊಳಗೆ ಸಣ್ಣ ಆಕಾರ, ನೋಟ ಮಾತ್ರ ದೊಡ್ಡದು. ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತೆ. ಕಾಕ ಎದ್ದು ಸಲಾಂ ಹೇಳಿ, ತಮ್ಮ ಚಂದದ ಅರಬ್ಬಿಯಲ್ಲಿ ಶುರುಮಾಡಿದರು. ಅಲ್ಪಸ್ವಲ್ಪ ನನಗೂ ಅರ್ಥವಾಗುತ್ತದೆ. ನನ್ನ ದರದ ಮೇಲೆ ಸಂಶಯ ಬಂದಿದೆಯಂತೆ, ಅದಕ್ಕೆ ನನ್ನ ಎದುರಾಳಿಗಳನ್ನೇ ಕರೆತಂದಿದ್ದೇನೆ, ಇವರು ಉಮ್ಮ್ ಸಲಾಲಿನವರು, ಇವರು ದುಖಾನಿನವರು, ಬೆಳಿಗ್ಗೆಯೇ ಅಂಗಡಿ ಮುಚ್ಚಿ ಬಂದಿದ್ದಾರೆ, ನನ್ನ ದರ ಸರಿಯೋ ಅಲ್ಲವೋ ಅವರನ್ನೇ ಕೇಳಿ ಎಂದರು. ಕಾಕನ ಮುಖದಲ್ಲಿ ಸ್ವಲ್ಪವೂ ಕಪಟವಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು ಎಂದು ನಿಜವಾಗಿಯೇ ನಂಬಿ ಬಂದಿದ್ದರು.

ಆಡಿಟರು ಭಾವನ ಕಡೆ ತಿರುಗಿದರು. “ಮೊನ್ನೆಯ ಬೀಗಕ್ಕೆ ನೀವು ಎಷ್ಟು ಬರೆದಿದ್ದಿರಿ?”

ಭಾವ ಕಾಕನ ಮುಖ ನೋಡಿದರು. “ಅದು ಅವನಿಗೇ ಗೊತ್ತು” ಎಂದರು.

“ಅವರು ನಿಮಗೆ ಏನಾಗಬೇಕು?”

“ನನ್ನ ಹೆಂಡತಿಯ ತಮ್ಮ.”

“ಇವರು?”

“ಅವನ ಹೆಂಡತಿಯ ತಮ್ಮ.”

ಮುಖ್ಯಸ್ಥೆ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಹಿಡಿದು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಆಡಿಟರು ನಗಲಿಲ್ಲ. ಜೇಬಿನಿಂದ ನೆಲಗಡಲೆ ತೆಗೆದು ಮೂವರ ಅಂಗೈಗೂ ಹಾಕಿದರು. ಮೂವರೂ ಕೆಲಸ ಆಯಿತೆಂದು ತಿಳಿದು ಸಂತೋಷದಿಂದ ತಿಂದರು. ನಾನು ಅಲ್ಲಿ ನಿಲ್ಲಲಾರದೆ ಮೆಟ್ಟಿಲು ಹತ್ತಿ ಬಂದುಬಿಟ್ಟೆ.

ಮಧ್ಯಾಹ್ನ ಆಡಿಟರು ನನ್ನ ಮೇಜಿನ ಬಳಿ ಬಂದು ನಿಂತರು. “ನಿಮ್ಮ ಕಾಕ ಕಳ್ಳನಲ್ಲ. ಕಳ್ಳನಾಗಿದ್ದರೆ ಮೂರು ಮೊಹರನ್ನು ಮೂರು ರೀತಿ ಒತ್ತುತ್ತಿದ್ದ. ಆದರೂ ನಾನು ಬರೆಯಲೇಬೇಕು” ಎಂದರು. ಬರೆದರು. ಕಾಕನ ಅಂಗಡಿ ಒಂದು ವರ್ಷ ಪಟ್ಟಿಯಿಂದ ಹೊರಗೆ. ನನಗೊಂದು ಎಚ್ಚರಿಕೆ ಪತ್ರ. ಇನ್ನು ಮುಂದೆ ಪ್ರತಿ ಅಂಗಡಿಯವನೂ ತನ್ನ ಕೊಟೇಶನನ್ನು ತಾನೇ ಮುಚ್ಚಿದ ಲಕೋಟೆಯಲ್ಲಿ ತಂದು ಕೆಳಗಿನ ಬೀಗ ಹಾಕಿದ ಪೆಟ್ಟಿಗೆಗೆ ಹಾಕಬೇಕು, ಮೂವರು ಒಟ್ಟಿಗೆ ಕೂತು ತೆರೆಯಬೇಕು ಎಂಬ ಹೊಸ ನಿಯಮ. ಕಾಕನಿಗೆ ಕಾಗದ ಟೈಪು ಮಾಡಿದವಳೂ ನಾನೇ. ಅರಬ್ಬಿ ಒಕ್ಕಣೆಯನ್ನು ಮುಖ್ಯಸ್ಥೆ ಹೇಳಿಕೊಟ್ಟರು. ಕೊನೆಯಲ್ಲಿ ಗೌರವಪೂರ್ವಕವಾಗಿ ಎಂಬ ಪದವೊಂದನ್ನು ನಾನು ಕೇಳದೆಯೇ ಸೇರಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಿಯಮವನ್ನು ಬೈದುಕೊಂಡು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಬೈಯುವುದರಲ್ಲಿ ನಾನು ಸೋಲುವವಳಲ್ಲ. ಒಳ್ಳೆಯ ಮನುಷ್ಯನನ್ನು ಕಳಿಸಿ ಯಾವ ಊರು ಉದ್ಧಾರ ಮಾಡುತ್ತಾರೋ ನೋಡುತ್ತೇನೆ ಎಂದುಕೊಂಡು, ಗ್ರಂಥಾಲಯದ ಬ್ಲೈಂಡುಗಳಿಗಾಗಿ ಗೊತ್ತಿಲ್ಲದ ಅಂಗಡಿಗಳ ಮೆಟ್ಟಿಲು ಹತ್ತಿದೆ. ಸೆಪ್ಟೆಂಬರಿನ ಸೆಕೆ. ಟ್ಯಾಕ್ಸಿಯಿಂದ ಇಳಿದು ಅಂಗಡಿಯೊಳಗೆ ಹೋಗುವಷ್ಟರಲ್ಲಿ ಕನ್ನಡಕ ಮಂಜಾಗುತ್ತಿತ್ತು. ಯಾರೂ ನನ್ನನ್ನು ಅಕ್ಕ ಎನ್ನಲಿಲ್ಲ, ಸುಲೈಮಾನಿಯನ್ನೂ ತರಿಸಲಿಲ್ಲ. ಅಳತೆ ಹೇಳಿ, ಲಕೋಟೆಯ ನಿಯಮ ವಿವರಿಸಿ ಬರುತ್ತಿದ್ದೆ. ಎಲ್ಲರ ದರವೂ ಕಾಕನದ್ದಕ್ಕಿಂತ ಮೇಲೆಯೇ ಇರುತ್ತದೆ, ಅದನ್ನು ಆಡಿಟರ ಮೂಗಿನ ಕೆಳಗೆ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ಮೆಲ್ಲುತ್ತಿದ್ದೆ.

ಲಕೋಟೆ ತೆರೆದೆವು. ಎರಡು ದರಗಳು ಕಾಕನ ಹಳೆಯ ದರದ ಆಸುಪಾಸಿನಲ್ಲಿದ್ದವು. ಮೂರನೆಯದು ಅದಕ್ಕಿಂತ ತುಂಬ ಕಡಿಮೆ. ಬಟ್ಟೆ ಅದೇ, ಅಳತೆ ಅದೇ. ತಪ್ಪು ಓದಿದೆನೇನೋ ಎಂದು ಮತ್ತೆ ಓದಿದೆ, ಆಡಿಟರ ಕೈಗೆ ಕೊಟ್ಟು ಅವರಿಂದಲೂ ಓದಿಸಿದೆ. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಇಷ್ಟು ವರ್ಷ ಹೋದ ಹಣ ನನ್ನದಲ್ಲ, ಕಾಕನದ್ದೂ ಅಲ್ಲ. ಕೆಳಗೆ ಕಾರಿಡಾರಿನಲ್ಲಿ ಮಗುವನ್ನು ತಮ್ಮ ತಾಯಿಯ ಹತ್ತಿರ ಬಿಟ್ಟು ಪರೀಕ್ಷೆಗೆ ಬಂದು ಕೂರುವ ಹೆಂಗಸರ ತರಗತಿಗೆ ಸೇರಬೇಕಾದ ಹಣ ಅದು.

“ಕಾಕ ನಮಗೆ ಮೋಸ ಮಾಡಿದರಾ?” ಎಂದು ಕೇಳಿಯೇಬಿಟ್ಟೆ.

“ಇಲ್ಲ” ಎಂದರು ಆಡಿಟರು. “‘ನಿಮ್ಮ ದರ ಜಾಸ್ತಿಯಾಯಿತು’ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟೆ.”

ಕೆಲವು ವಾರಗಳ ಮೇಲೆ ಓಲ್ಡ್ ಏರ್‌ಪೋರ್ಟಿನ ದಿನಸಿ ಅಂಗಡಿಯಲ್ಲಿ ಬಸಳೆ ಆರಿಸುತ್ತಿದ್ದಾಗ ಕಾಕ ಸಿಕ್ಕಿದರು. ನಾನು ಭೂಮಿಗೆ ಇಳಿದುಹೋದೆ. ಅವರೇ ಮೊದಲು ಮಾತಾಡಿಸಿದರು. ಮನೆಯವರು ಹೇಗಿದ್ದಾರೆ, ಅಮ್ಮನ ಮಂಡಿನೋವು ಹೇಗಿದೆ ಎಂದೆಲ್ಲ ಕೇಳಿದರು. ಆಮೇಲೆ, “ಲೈಬ್ರರಿಯ ಬ್ಲೈಂಡ್ ಆಯ್ತಂತೆ?” ಎಂದರು.

“ಆಯ್ತು ಕಾಕ.”

“ನನ್ನದಕ್ಕಿಂತ ಕಮ್ಮಿಗೆ ಬಂತಾ ಅಕ್ಕ?”

ಒಬ್ಬರ ದರವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೇಳುವಂತಿದ್ದರೂ ನನಗೆ ಬಾಯಿ ಬರುತ್ತಿರಲಿಲ್ಲ. ಬಸಳೆಯ ದಂಟು ನೋಡುತ್ತ ನಿಂತೆ. ಕಾಕ ಅರ್ಥವಾಯಿತು ಎಂಬಂತೆ ತಲೆಯಾಡಿಸಿ ಹೊರಟುಹೋದರು. ಪಟ್ಟಿಯಿಂದ ತೆಗೆದಾಗ ಅವರ ಮುಖ ಹೇಗಾಯಿತೋ ನಾನು ನೋಡಿರಲಿಲ್ಲ. ಅವತ್ತು ಅವರ ಬೆನ್ನು ನೋಡಿದೆ, ಅದೇ ಸಾಕಾಯಿತು.

ಆಮೇಲೆ ನಾನು ಆ ಗಲ್ಲಿಗೆ ಹೋಗುವುದನ್ನೇ ಬಿಟ್ಟೆ. ಕುಚ್ಚಲಕ್ಕಿಗೆ ನಮ್ಮವರನ್ನು ಕಳಿಸುತ್ತಿದ್ದೆ. ಕಾಕ ಅಂಗಡಿಯ ಅರ್ಧ ಭಾಗವನ್ನು ಮೊಬೈಲ್ ರಿಪೇರಿ ಮಾಡುವವರಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ, ಬೋರ್ಡು ಸಣ್ಣದಾಗಿದೆ ಎಂದು ನಮ್ಮವರೇ ಬಂದು ಹೇಳಿದರು. ಅವತ್ತು ನನಗೆ ಊಟ ಸೇರಲಿಲ್ಲ. ಸರಿಯಾದದ್ದನ್ನೇ ಮಾಡಿದ್ದೇನೆ ಎಂದು ಗೊತ್ತಿದ್ದರೂ ಸೇರಲಿಲ್ಲ. ನಮ್ಮವರು ಏನೋ ಸಮಾಧಾನ ಹೇಳಲು ಬಂದರು, ಅವರ ಮೇಲೂ ರೇಗಿದೆ.

ವರ್ಷ ಕಳೆಯಿತು. ಪಟ್ಟಿಗೆ ಮತ್ತೆ ಸೇರಲು ಅರ್ಜಿ ಹಾಕಬಹುದೆಂದು ಕಾಕನಿಗೆ ಕಾಗದ ಹೋಯಿತು. ಅವರು ಅರ್ಜಿ ಹಾಕುವುದಿಲ್ಲವೆಂದು ನಾನು ಒಳಗೊಳಗೆ ಖಚಿತ ಮಾಡಿಕೊಂಡಿದ್ದೆ. ಹಾಕಿದರು. ಸಂಜೆ ತರಗತಿಗಳ ಬಾಗಿಲುಗಳಿಗೆ ಹೊಸ ಬೀಗ ಬೇಕೆಂದು ನೋಟಿಸು ಹೊರಟಾಗ ಅವರ ಲಕೋಟೆಯೂ ಪೆಟ್ಟಿಗೆಗೆ ಬಿತ್ತು.

ತೆರೆಯುವ ದಿನ ಮೇಜಿನ ಸುತ್ತ ನಾವು ಮೂವರು, ಮುಖ್ಯಸ್ಥೆ, ಆಡಿಟರು, ನಾನು. ಗಟ್ಟಿಯಾಗಿ ಓದುವ ಕೆಲಸ ನನ್ನದು. ನಾಲ್ಕು ಲಕೋಟೆಗಳು. ಕಾಕನದ್ದು ಮೂರನೆಯದಾಗಿ ಕೈಗೆ ಬಂತು. ಅಲ್ಲಿಯ ತನಕ ಓದಿದ ಎರಡಕ್ಕಿಂತಲೂ ಕಡಿಮೆ. ಅವರು ಕೂತು, ವಿಚಾರಿಸಿ, ಎಲ್ಲೆಲ್ಲಿಂದ ಮಾಲು ಬರುತ್ತದೆಂದು ಹುಡುಕಿ, ತಮ್ಮ ಲಾಭವನ್ನು ಕತ್ತರಿಸಿ ಬರೆದ ದರ ಎಂದು ನೋಡಿ ತಿಳಿಯುತ್ತಿತ್ತು. ನನ್ನ ದನಿಯಲ್ಲಿ ಸಂತೋಷ ಇಣುಕಿದ್ದು ನನಗೇ ಕೇಳಿಸಿತು. ನಾಲ್ಕನೆಯದನ್ನು ತೆರೆದೆ. ಅದು ಕಾಕನದ್ದಕ್ಕಿಂತ ಬೀಗಕ್ಕೆ ಎರಡು ರಿಯಾಲ್ ಕಡಿಮೆ ಇತ್ತು. ಓದಿದೆ. ಆಡಿಟರು ಬರೆದುಕೊಂಡರು. ಮುಖ್ಯಸ್ಥೆ ಒಮ್ಮೆ ನನ್ನ ಕಡೆ ನೋಡಿ, ನೀರಿನ ಲೋಟವನ್ನು ಹತ್ತಿರ ಸರಿಸಿದರು.

ಆರ್ಡರ್ ಸಿಗದವರಿಗೆ ವಿಷಾದದ ಕಾಗದ ಕಳಿಸುವವಳೂ ನಾನೇ. ಕಳಿಸಿದ ಮರುದಿನ ಬೆಳಿಗ್ಗೆ ಕಚೇರಿಯ ಫೋನು ಬಡಿದುಕೊಂಡಿತು.

“ಅಕ್ಕ, ಕಾಗದ ಬಂತು.”

“ಕಾಕ… ತುಂಬ ಬೇಜಾರಾಯ್ತಾ?”

“ಆಗದೆ ಇರ್ತದಾ? ಆಯ್ತು.” ಎಂದರು ಕಾಕ. “ಮತ್ತೆ ಗ್ರಹಿಸಿದೆ. ಸಿಕ್ಕಿದ್ರೆ ನಾನು ಎಂತ ಹೇಳ್ತಿದ್ದೆ ಗೊತ್ತುಂಟಾ? ಅಕ್ಕ ಕೊಡಿಸಿದ್ದು ಅಂತ. ಭಾವನೂ ಹಾಗೇ ಹೇಳ್ತಿದ್ದರು. ಗಲ್ಲಿಯಲ್ಲಿ ಎಲ್ಲರೂ ಹಾಗೇ ಹೇಳ್ತಿದ್ದರು. ಈಗ ಯಾರಿಗೂ ಹಾಗೆ ಹೇಳ್ಲಿಕ್ಕಾಗುದಿಲ್ಲ. ಮುಂದಿನ ಸಲ ಸಿಕ್ಕಿದ್ರೆ ಅದು ನಂದೇ, ಅಲ್ವಾ?”

ಹೌದು ಕಾಕ, ನಿಮ್ಮದೇ ಎಂದೆ.

“ಮುಂದಿನದ್ದು ಎಂತಕ್ಕೆ ಕರೀತಾರೆ ಅಕ್ಕ?”

ನನ್ನ ಎದುರಿಗೇ, ಮೊಣಕೈಯ ಹತ್ತಿರ, ಹೆಣ್ಣುಮಕ್ಕಳ ಕಟ್ಟಡದ ಅಷ್ಟೂ ಪರದೆಗಳನ್ನು ಬದಲಿಸಬೇಕೆಂಬ ಬೇಡಿಕೆ ಪತ್ರ ಬಿದ್ದಿತ್ತು. ಎಷ್ಟು ಕಿಟಕಿ, ಎಷ್ಟು ಮೀಟರು, ಯಾವ ಬಣ್ಣ ಎಂಬುದೆಲ್ಲ ಅದರಲ್ಲಿತ್ತು. ನೋಟಿಸು ಹೊರಡಲು ಇನ್ನೂ ವಾರವಿತ್ತು. ಒಂದು ವಾರ ಮೊದಲೇ ಗೊತ್ತಾದರೆ ಒಬ್ಬ ಅಂಗಡಿಯವನಿಗೆ ಎಷ್ಟು ಅನುಕೂಲ ಎಂಬುದು ಈ ದೋಹಾದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

“ನೋಟಿಸ್ ಹಾಕ್ತೇವೆ ಕಾಕ. ಎಲ್ಲರಿಗೂ ಒಟ್ಟಿಗೇ ಗೊತ್ತಾಗ್ತದೆ” ಎಂದೆ.

ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ.

“ಹಾಗೆಯೇ ಆಗ್ಬೇಕು” ಎಂದರು ಕಾಕ, ಫೋನ್ ಇಟ್ಟರು.